ಪಂಪ್ ಬದಲಿಸಿದರೆ ಶೇ 40 ಉಳಿತಾಯವಂತೆ, ನಂಬಬಹುದೇ?

ಪ್ರಶ್ನೆ: ಸರ್, ನಾನು ಅರಸೀಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಕುಡಿಯುವ ನೀರಿನ ಬೋರ್‌ವೆಲ್, ಬೀದಿ ದೀಪ ಸೇರಿ ಕರೆಂಟ್ ಬಿಲ್ ಕಟ್ಟುವುದೇ ಕಷ್ಟವಾಗಿದೆ. ಪಂಪ್ ಬದಲಿಸಿದರೆ ಶೇ 40 ಉಳಿಯುತ್ತದೆ ಎಂದು ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಅದನ್ನೇ ಕ್ರಿಯಾ ಯೋಜನೆಗೆ ಸೇರಿಸೋಣ ಅಂತಾರೆ ನಮ್ಮ ಪಿಡಿಒ. ಎಷ್ಟು ಉಳಿಯುತ್ತದೆ ಅಂತ ನಾವೇ ಲೆಕ್ಕ ಹಾಕಬಹುದಾ?

ಉತ್ತರ: ಹಾಕಬಹುದು. ಮೊದಲು ಒಂದು ಮಾತು: ಕೊಟೇಶನ್ ಕೊಟ್ಟವರು ನಿಮ್ಮ ಬೋರ್‌ವೆಲ್ ಹತ್ತಿರ ಬಂದು ಏನಾದರೂ ಅಳೆದರೇ? ಇಲ್ಲವಾದರೆ ಆ ಶೇ 40 ಬರೀ ವ್ಯಾಪಾರದ ಮಾತು.

ಒಂದು ಬೆಳಿಗ್ಗೆ ನೀರುಗಂಟಿಯವರನ್ನು ಕರೆದುಕೊಂಡು ಓವರ್‌ಹೆಡ್ ಟ್ಯಾಂಕ್ ಹತ್ತಿರ ಹೋಗಿ. ಊರಿಗೆ ನೀರು ಬಿಡುವ ವಾಲ್ವ್ ಮುಚ್ಚಿಸಿ, ಮೀಟರ್ ರೀಡಿಂಗ್ ಬರೆದುಕೊಂಡು ಮೋಟಾರ್ ಹಾಕಿಸಿ. ಟ್ಯಾಂಕ್ ತುಂಬಿದ ಮೇಲೆ ಮತ್ತೆ ರೀಡಿಂಗ್ ನೋಡಿ. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು, ಏನೂ ನಷ್ಟವಿಲ್ಲದಿದ್ದರೂ, 0.27 ಯೂನಿಟ್ ಬೇಕೇ ಬೇಕು. ಖಾಲಿ ಟ್ಯಾಂಕ್ 50 ಸಾವಿರ ಲೀಟರಿನದು, ನೀರಿನ ಮಟ್ಟದಿಂದ ಟ್ಯಾಂಕಿನ ತುದಿಯವರೆಗೆ ಪೈಪಿನ ನಷ್ಟವೂ ಸೇರಿ 140 ಮೀಟರ್ ಅಂದುಕೊಳ್ಳಿ. ಬೇಕಾದದ್ದು 19 ಯೂನಿಟ್. ಎರಡು ರೀಡಿಂಗ್‌ಗಳ ವ್ಯತ್ಯಾಸ 52 ಯೂನಿಟ್ ಬಂದರೆ, 52ರಲ್ಲಿ 19 ಮಾತ್ರ ಕೆಲಸಕ್ಕೆ ಬಂತು, ನಿಮ್ಮ ಪಂಪ್‌ಸೆಟ್ ದಕ್ಷತೆ ಶೇ 37. ಶೇ 50 ದಕ್ಷತೆಯ ಹೊಸ ಪಂಪ್ ಹಾಕಿದರೆ 38 ಯೂನಿಟ್ ಸಾಕು. ಅಂದರೆ ಉಳಿತಾಯ ಶೇ 27, 40 ಅಲ್ಲ. ಇನ್ನೊಂದು ಬೋರ್‌ವೆಲ್‌ನಲ್ಲಿ ಶೇ 10 ಬರಬಹುದು, ಮತ್ತೊಂದರಲ್ಲಿ 45 ಬಂದರೂ ಬಂತು. ಮಳೆಗಾಲ ಮುಗಿದ ಮೇಲೆ ಒಮ್ಮೆ, ಶಿವರಾತ್ರಿ ಕಳೆದ ಮೇಲೆ ಇನ್ನೊಮ್ಮೆ ಅಳೆಯಿರಿ. ನಿಮ್ಮ ಕಡೆ ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ರಾತ್ರಿ ಎಲ್ಲರೂ ನಲ್ಲಿ ಮುಚ್ಚಿದ ಮೇಲೆ, ವಾಲ್ವ್ ತೆರೆದೇ ಇಟ್ಟು ಟ್ಯಾಂಕಿನ ಮಟ್ಟವನ್ನೂ ನೋಡಿ. ಇಳಿಯುತ್ತಿದ್ದರೆ ಪೈಪ್ ಸೋರುತ್ತಿದೆ. ಸೋರಿಕೆ ನಿಲ್ಲಿಸಿದರೆ ಪಂಪ್ ಮುಟ್ಟದೆಯೇ ಕರೆಂಟ್ ಉಳಿಯುತ್ತದೆ.

ಬೀದಿ ದೀಪದ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಚೋಕ್ ಸೇರಿ 55 ವಾಟ್ ಎಳೆಯುವ 150 ಟ್ಯೂಬ್‌ಲೈಟ್, ಸ್ವಿಚ್ ಇಲ್ಲದೆ ಹಗಲೂ ರಾತ್ರಿ ಉರಿಯುತ್ತಿವೆ ಅನ್ನಿ: ದಿನಕ್ಕೆ 198 ಯೂನಿಟ್. ಹಗಲು ಆರಿಸಿದರೆ ಶೇ 50 ಉಳಿತಾಯ. 20 ವಾಟಿನ ಎಲ್‌ಇಡಿ ಹಾಕಿದರೆ ಶೇ 64. ಎರಡನ್ನೂ ಕೂಡಿ ನೋಡಿ, ಶೇ 114! ಬೀದಿ ದೀಪವೇ ನಿಮಗೆ ಕರೆಂಟ್ ಕೊಡಬೇಕಾಗುತ್ತದೆ. ಇಂಥ ಕೂಡುವಿಕೆಯನ್ನು ದೊಡ್ಡ ವರದಿಗಳಲ್ಲೂ ನೋಡಿದ್ದೇನೆ. ಮೊದಲು ಆರಿಸಿ, 99 ಆಗುತ್ತದೆ. ಆ ಉಳಿದ 99ರ ಮೇಲೆ ಎಲ್‌ಇಡಿ ಲೆಕ್ಕ ಹಾಕಿದರೆ 36 ಯೂನಿಟ್. ನಿಜವಾದ ಉಳಿತಾಯ ಶೇ 82. ಅದೂ ಕಡಿಮೆಯೇನಲ್ಲ.

ಇಂಥ ಲೆಕ್ಕದಲ್ಲಿ ಉಳಿತಾಯಕ್ಕೆ ಮೂರು ಬೇರೆ ಬೇರೆ ಅಂಕಿ ಬರುತ್ತವೆ. ಎಲ್ಲವನ್ನೂ ಒಳ್ಳೆಯ ಯಂತ್ರಕ್ಕೆ ಬದಲಿಸಿದರೆ ಉಳಿಯುವುದು ತಾಂತ್ರಿಕ ಸಾಧ್ಯತೆ. ಅದರಲ್ಲಿ ಹಾಕಿದ ದುಡ್ಡು ವಾಪಸ್ ಬರುವಷ್ಟು ಭಾಗ ಆರ್ಥಿಕ ಸಾಧ್ಯತೆ. ಅನುದಾನ, ಟೆಂಡರ್, ರಿಪೇರಿ ಎಲ್ಲ ದಾಟಿ ಕೈಗೆ ಬರುವುದು ಇನ್ನೂ ಕಡಿಮೆ. ಯೋಜನೆಯಲ್ಲಿ ಬರೆಯಬೇಕಾದ್ದು ಈ ಕೊನೆಯದು. ಕೊಟೇಶನ್‌ನಲ್ಲಿ ಇರುವುದು ಸಾಮಾನ್ಯವಾಗಿ ಮೊದಲನೆಯದು.

ತೆಂಗಿನ ತೋಟದ ಪಂಪ್‌ಸೆಟ್‌ಗಳನ್ನು ಇದರಲ್ಲಿ ಸೇರಿಸಬೇಡಿ. ಉಳಿಯುವ ಯೂನಿಟ್ ಅಲ್ಲೇ ಹೆಚ್ಚಿರಬಹುದು, ಆದರೆ 10 ಎಚ್‌ಪಿವರೆಗೆ ರೈತರಿಗೆ ಬಿಲ್ಲೇ ಇಲ್ಲ. ಉಳಿದ ದುಡ್ಡು ಹೋಗುವುದು ಸರ್ಕಾರದ ಸಬ್ಸಿಡಿ ಲೆಕ್ಕಕ್ಕೆ. ರೈತ ಯಾಕೆ ಕೈಯಿಂದ ಹಾಕಿ ಹೊಸ ಪಂಪ್ ತರಬೇಕು? ಅದು ರಾಜ್ಯದ ನೀತಿಯಲ್ಲಿ ಬಗೆಹರಿಯಬೇಕಾದ ಮಾತು. ಸಕಲೇಶಪುರ ಕಡೆ ಕಾಫಿ ತೋಟದ ಲೆಕ್ಕವೇ ಬೇರೆ: ಕಾಫಿ ಹೂ ಅರಳಲು ಕೊಡುವ ನೀರಿಗೆಂದು ಫೆಬ್ರುವರಿ, ಮಾರ್ಚ್‌ನಲ್ಲಿ ಕೆಲವೇ ದಿನ ಓಡುವ ಪಂಪನ್ನು ಯೂನಿಟ್ ಉಳಿಸಲು ಬದಲಿಸಿದರೆ ಹಾಕಿದ ದುಡ್ಡು ಬೇಗ ವಾಪಸ್ ಬರುವುದಿಲ್ಲ. ನಿಮ್ಮ ಕುಡಿಯುವ ನೀರಿನ ಪಂಪ್ ವರ್ಷವಿಡೀ ಓಡುತ್ತದೆ, ಹಾಗಾಗಿ ಅದಕ್ಕೆ ಮೊದಲ ಸರದಿ.

ಇಂಧನ ಸಂರಕ್ಷಣಾ ಕಾಯ್ದೆ 2001ರ ಪ್ರಕಾರ ಇಂಧನ ಉಳಿತಾಯದ ಕೆಲಸಕ್ಕೆ ನಮ್ಮ ರಾಜ್ಯದ ನಿಯೋಜಿತ ಸಂಸ್ಥೆ ಕ್ರೆಡೆಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ). ನಿಮ್ಮ ಅಳತೆಯ ಪಟ್ಟಿ ಇಟ್ಟುಕೊಂಡು ಅಲ್ಲಿ ಕೇಳಬಹುದು. ಒಂದೊಂದು ಆರ್‌ಆರ್ ನಂಬರಿನ ಮುಂದೆ ಹನ್ನೆರಡು ತಿಂಗಳ ಯೂನಿಟ್ ಬರೆದಿರಲಿ. ಎಲ್ಲಿಂದ ಅಳೆಯಲು ಶುರು ಮಾಡುವುದು ಅಂತ ಗೊಂದಲವಾದರೆ, ಯಾವ ಮೋಟಾರ್ ಎಷ್ಟು ಸಲ ರೀವೈಂಡಿಂಗ್‌ಗೆ ಹೋಗಿದೆ ಅಂತ ನೀರುಗಂಟಿಯವರನ್ನು ಕೇಳಿ. ಬೆರಳೆಣಿಸಿ ಹೇಳುತ್ತಾರೆ. ಹೆಚ್ಚು ಸಲ ಹೋದದ್ದನ್ನೇ ಮೊದಲು ಅಳೆಯಿರಿ.