ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಹಳೇ ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಲಿ?’ ಎಂಬವೇ. ಕಾರ್ಡಿನ ಹೆಸರು ಹೇಳುವುದು ಸುಲಭ. ಅದು ಕ್ಯಾಬಿನೆಟ್ಟಿನಲ್ಲಿ ಕೂರುತ್ತದೆಯೇ, ಕೂತರೂ ಅದಕ್ಕೆ ಬೇಕಾದಷ್ಟು ಕರೆಂಟ್ ಸಿಗುತ್ತದೆಯೇ ಎಂಬುದು ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ. ಮದರ್‌ಬೋರ್ಡ್ ಮಾಡೆಲ್ ಮತ್ತು ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ) ಲೇಬಲ್ಲಿನ ವಿವರ ಬರೆದು ಕಳಿಸಿದವರನ್ನು ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ರಿಫರ್ಬಿಷ್ಡ್ ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್ ಇದೆ. ಐ5-4570, 8 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಜಿಟಿಎ 5 ಮತ್ತು ವ್ಯಾಲೊರಂಟ್ ಆಡಬೇಕು. ಪರಿಚಯದವರು ಹಳೇ ಜಿಟಿಎಕ್ಸ್ 1060 ಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಬಹುದೇ? (ದಾವಣಗೆರೆ)

ಉತ್ತರ: 1060 ಬೇಡ. ಅದು 120 ವ್ಯಾಟ್ ಎಳೆಯುತ್ತದೆ, ಎಸ್‌ಎಂಪಿಎಸ್‌ನಿಂದ 6 ಪಿನ್ ಕೇಬಲ್ ಕೇಳುತ್ತದೆ. ನಿಮ್ಮ ಟವರಿನ 290 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ಲೇ ಇಲ್ಲ. ಎಸ್‌ಎಂಪಿಎಸ್ಸನ್ನೇ ಬದಲಿಸೋಣವೆಂದರೆ ಇನ್ನೊಂದು ತೊಡಕು: ಈ ಮದರ್‌ಬೋರ್ಡಿಗೆ ಅಂಗಡಿಯಲ್ಲಿ ಸಿಗುವ 24 ಪಿನ್ ಕನೆಕ್ಟರ್ ಹಿಡಿಸುವುದಿಲ್ಲ, ಡೆಲ್‌ನದೇ 8 ಪಿನ್ ಸಾಕೆಟ್ ಇದೆ. 24ರಿಂದ 8ಕ್ಕೆ ಇಳಿಸುವ ಕೇಬಲ್ ಪ್ರತ್ಯೇಕವಾಗಿ ಸಿಗುತ್ತದೆ, ನಿಜ. ಆದರೆ ಕಾರ್ಡ್, ಎಸ್‌ಎಂಪಿಎಸ್, ಕೇಬಲ್ ಮೂರರ ಖರ್ಚು ಸೇರಿಸಿದರೆ ‘ಅಗ್ಗದ’ 1060 ಅಗ್ಗವಾಗಿ ಉಳಿಯುವುದಿಲ್ಲ. ಸಾಲದ್ದಕ್ಕೆ 10 ಸರಣಿಯ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ.

ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿನಿಂದಲೇ ಸಿಗುವ 75 ವ್ಯಾಟ್‌ನಲ್ಲಿ ನಡೆಯುವ ಕಾರ್ಡ್ ನಿಮಗೆ ಸರಿ. ಎರಡು ಹೆಸರು ಸಾಕು: ಜಿಟಿಎಕ್ಸ್ 1650 (4 ಜಿಬಿ, 75 ವ್ಯಾಟ್) ಅಥವಾ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ (70 ವ್ಯಾಟ್). 1650ರಲ್ಲಿ ಕೆಲವು ಕಂಪನಿಗಳು 6 ಪಿನ್ ಇಟ್ಟಿವೆ, 3050ರ 8 ಜಿಬಿ ಮಾದರಿಗಂತೂ ಹೊರಗಿನ ಕೇಬಲ್ ಬೇಕೇ ಬೇಕು. ಡಬ್ಬದ ಮೇಲಿನ ಹೆಸರು ನಂಬಬೇಡಿ. ಕಾರ್ಡಿನ ಮೇಲಂಚಿನಲ್ಲಿ ಪವರ್ ಸಾಕೆಟ್ ಇಲ್ಲವೆಂದು ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಕೊಳ್ಳುವ ಮುಂಚೆ ಸ್ಲಾಟಿನಿಂದ ಹಾರ್ಡ್ ಡಿಸ್ಕ್ ಗೂಡಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಇದೇ 9020ರ ಚಿಕ್ಕ ಡಬ್ಬ ಇರುವವರಿಗೆ ಲೋ ಪ್ರೊಫೈಲ್ (ಎತ್ತರ ಕಡಿಮೆಯಿರುವ) ಕಾರ್ಡ್ ಮಾತ್ರ ಹಿಡಿಸುತ್ತದೆ.

ಕಾರ್ಡಿನಷ್ಟೇ ಮುಖ್ಯವಾದದ್ದು ಇನ್ನೊಂದು 8 ಜಿಬಿ ಡಿಡಿಆರ್3 ಸ್ಟಿಕ್. ಒಂಟಿ ಸ್ಟಿಕ್ಕಿನಲ್ಲಿ ರ‍್ಯಾಮ್ ಒಂದೇ ಚಾನೆಲ್‌ನಲ್ಲಿ (ಪ್ರೊಸೆಸರಿಗೂ ಅದಕ್ಕೂ ನಡುವಿನ ದಾರಿ) ಓಡುತ್ತದೆ, ಜಿಟಿಎಯಲ್ಲಿ ಗಾಡಿ ಜೋರಾಗಿ ಓಡಿಸುವಾಗ ಚಿತ್ರ ತಡವರಿಸುವುದಕ್ಕೆ ಇದೂ ಕಾರಣ. ‘ಎಎಂಡಿಗೆ ಮಾತ್ರ’ ಎಂದು ಬರೆದ ಅಗ್ಗದ ಸ್ಟಿಕ್ ತಂದರೆ ಇಂಟೆಲ್ ಬೋರ್ಡ್ ಬೂಟ್ ಆಗುವುದಿಲ್ಲ, ಬರೀ ಎಚ್ಚರಿಕೆ ಕೊಡುತ್ತಾ ಕೂರುತ್ತದೆ. ಹಾರ್ಡ್ ಡಿಸ್ಕನ್ನು ಫೋಟೊ, ಸಿನಿಮಾಗಳಿಗೆ ಬಿಟ್ಟು ವಿಂಡೋಸನ್ನೂ ಗೇಮನ್ನೂ 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕಿ. 500 ಜಿಬಿಗಿಂತ ಚಿಕ್ಕದು ಬೇಡ.

ಈ ಪ್ರೊಸೆಸರ್ ಮೈಕ್ರೋಸಾಫ್ಟಿನ ವಿಂಡೋಸ್ 11 ಪಟ್ಟಿಯಲ್ಲಿಲ್ಲ. ಅಂಗಡಿಯವರು ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ (ಭದ್ರತೆಯ ಕೀಲಿಗಳನ್ನು ಇಟ್ಟುಕೊಳ್ಳುವ ಚಿಪ್) 2.0 ಕೇಳುತ್ತದೆ, ನಿಮ್ಮ ಬೋರ್ಡಿನಲ್ಲಿರುವುದು 1.2. ಗೇಮ್ ತೆರೆಯುವುದೇ ಇಲ್ಲ. ವಿಂಡೋಸ್ 10ರಲ್ಲಿ ಆ ತಕರಾರಿಲ್ಲ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅಸೆಂಬಲ್ ಮಾಡಿಸಿದ ಪಿಸಿ. ಕ್ಯಾಬಿನೆಟ್ ಜೊತೆಗೇ ಬಂದ ‘500 ವ್ಯಾಟ್’ ಎಸ್‌ಎಂಪಿಎಸ್‌ಗೆ ಆರ್‌ಎಕ್ಸ್ 580 ಹಾಕಿದೆ. ಡೆಸ್ಕ್‌ಟಾಪ್‌ನಲ್ಲಿ ಏನೂ ತೊಂದರೆಯಿಲ್ಲ. ಗೇಮ್ ಶುರುವಾದ ಎರಡೇ ನಿಮಿಷಕ್ಕೆ ರೀಸ್ಟಾರ್ಟ್. ಲೇಬಲ್ಲಿನಲ್ಲಿ 12 ವೋಲ್ಟ್ ಎದುರಿಗೆ 16 ಆಂಪ್ಸ್ ಎಂದಿದೆ. ಕಾರ್ಡ್ ಕೆಟ್ಟಿದೆಯೇ? (ಹುಬ್ಬಳ್ಳಿ)

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 12ನ್ನು 16ರಿಂದ ಗುಣಿಸಿ, 192 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಉಣ್ಣುವುದು ಈ 12 ವೋಲ್ಟ್ ಲೈನಿನಿಂದ. 500 ಎಂಬುದು ಸ್ಟಿಕ್ಕರಿನ ಶೋಭೆ. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ, ಪ್ರೊಸೆಸರಿಗೆ 65, ಫ್ಯಾನು ಡಿಸ್ಕುಗಳಿಗೆ ಇನ್ನು 30-40. ಒಟ್ಟು 290ರ ಹತ್ತಿರ. ಡೆಸ್ಕ್‌ಟಾಪ್‌ನಲ್ಲಿ ಕಾರ್ಡ್ ಅರೆನಿದ್ದೆಯಲ್ಲಿರುತ್ತದೆ, ಅದಕ್ಕೇ ಅಲ್ಲಿ ನಡೆಯುತ್ತದೆ. ಗೇಮಿನಲ್ಲಿ ಲೋಡ್ ಏರಿದ ಕ್ಷಣ 12 ವೋಲ್ಟ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ.

ಈ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಕೇಬಲ್ ಇರುವ ಸಾಧ್ಯತೆ ಕಡಿಮೆ. ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದಲೋ ಸಾಟಾ ಕೇಬಲ್ಲಿನಿಂದಲೋ ಕನ್ವರ್ಟರ್ ಹಾಕಿ ಕೊಟ್ಟಿದ್ದರೆ ಇವತ್ತೇ ಕಿತ್ತುಹಾಕಿ. 8 ಪಿನ್ನಿನಲ್ಲಿ 150 ವ್ಯಾಟ್‌ವರೆಗೆ ಹರಿಯಬಹುದು. ಸಾಟಾ ಕನೆಕ್ಟರ್ ಅಷ್ಟು ತಡೆಯದು, ಮೊದಲು ಪ್ಲಾಸ್ಟಿಕ್ ಕರಗುತ್ತದೆ.

12 ವೋಲ್ಟ್ ಎದುರಿಗೆ 40 ಆಂಪ್ಸ್ ಮೇಲಿರುವ, 80 ಪ್ಲಸ್ (ಕರೆಂಟ್ ಪೋಲು ಕಡಿಮೆ ಎಂಬ ಪ್ರಮಾಣ) ಗುರುತಿನ 550 ವ್ಯಾಟ್ ಎಸ್‌ಎಂಪಿಎಸ್ ಹಾಕಿ. ನಾಳೆ ಕಾರ್ಡ್ ಬದಲಿಸಿದರೂ ಇದು ಉಳಿಯುತ್ತದೆ. ಯುಪಿಎಸ್ 600 ವಿಎ ಇದ್ದರೆ ಅದು ಕೊಡುವುದು ಸುಮಾರು 360 ವ್ಯಾಟ್. ಕರೆಂಟ್ ಹೋದಾಗ ಗೇಮ್ ಮುಂದುವರಿಸಲು ಅಲ್ಲ, ಸೇವ್ ಮಾಡಿ ಆಫ್ ಮಾಡಲು ಎಂದಿಟ್ಟುಕೊಳ್ಳಿ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅದನ್ನು ಸರಿಪಡಿಸಿ, ಆಮೇಲೆ ಹೊಸ ಎಸ್‌ಎಂಪಿಎಸ್ ಜೋಡಿಸಿ.

ಪ್ರಶ್ನೆ: ಬಿ450 ಬೋರ್ಡ್, ರೈಜೆನ್ 3 2200ಜಿ, 8 ಜಿಬಿಯ ಒಂದು ಸ್ಟಿಕ್, ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಂದೇ ಸಲ ಎಲ್ಲ ಕೊಳ್ಳಲಾಗದು. ಯಾವುದು ಮೊದಲು? (ಪುತ್ತೂರು)

ಉತ್ತರ: ಒಳ್ಳೆಯ ಬುನಾದಿ ನಿಮ್ಮದು. ಮೊದಲು ಅದೇ ವೇಗದ ಇನ್ನೊಂದು 8 ಜಿಬಿ ಸ್ಟಿಕ್. 2200ಜಿಯೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಎರವಲು ಪಡೆಯುತ್ತದೆ. ಹಾಗಾಗಿ ಎರಡು ಚಾನೆಲ್ ಆದ ಕೂಡಲೇ ವ್ಯತ್ಯಾಸ ಕಾಣುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡದಿದ್ದರೆ 3200ರ ರ‍್ಯಾಮ್ ತೆಪ್ಪಗೆ 2400ಕ್ಕೋ 2666ಕ್ಕೋ ಓಡುತ್ತಿರುತ್ತದೆ.

ಎರಡನೆಯದು ಕಾರ್ಡ್. 1080ಪಿ ಮಾನಿಟರಿಗೆ 8 ಜಿಬಿಯ ಆರ್‌ಎಕ್ಸ್ 6600 ಸಾಕು, 132 ವ್ಯಾಟ್, ಒಂದು 8 ಪಿನ್. 2200ಜಿ ಅದರ ಪೂರ್ತಿ ಶಕ್ತಿ ಹೊರತೆಗೆಯುವುದಿಲ್ಲ, ಬೇಸರ ಬೇಡ. ಮೂರನೆಯ ಕಂತಿನಲ್ಲಿ ರೈಜೆನ್ 5 5600 ಬರಲಿ. ಈ ಕ್ರಮ ತಿರುಗಿಸಬೇಡಿ: 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡಿಲ್ಲದೆ ಅದನ್ನು ಹಾಕಿದರೆ ಪರದೆ ಕಪ್ಪಗೇ ಇರುತ್ತದೆ.

ಹೆಚ್ಚಿನವರು ಎಡವುವುದು ಪ್ರೊಸೆಸರ್ ಬದಲಿಸುವಾಗ. ಹಳೇ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಬೋರ್ಡಿನ ಸರಿಯಾದ ಮಾಡೆಲ್ ಮತ್ತು ರಿವಿಷನ್ ನಂಬರ್ ನೋಡಿ, 5600ರ ಹೆಸರು ಯಾವ ಬಯಾಸ್‌ನಿಂದ ಸೇರಿದೆಯೋ ಅದನ್ನೋ ಅದಕ್ಕಿಂತ ಹೊಸದನ್ನೋ ಇಳಿಸಿಕೊಳ್ಳಿ. ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ. ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಯುಪಿಎಸ್ ಇಲ್ಲದೆ ಕೈಹಾಕಬೇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಪ್ರೊಸೆಸರ್ ಜೊತೆ ಟಿಪಿಎಂ ಕೂಡ ಬದಲಾದಾಗ ವಿಂಡೋಸ್ ಅದನ್ನು ಕೇಳುತ್ತದೆ.

ಕೂಲರ್ ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಆಡಿ. ಥರ್ಮಲ್ ಪೇಸ್ಟ್ ಬೆಚ್ಚಗಾಗಿ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸುತ್ತಾ ಬಿಡಿಸಿ. ನೆಟ್ಟಗೆ ಎಳೆದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಪಿನ್ನುಗಳಿರುವುದು ಪ್ರೊಸೆಸರಿನಲ್ಲೇ, ಒಂದು ಬಾಗಿದರೂ ತಲೆನೋವು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟರೆ ಸಾಕು.

ಪ್ರಶ್ನೆ: ಎಚ್81 ಬೋರ್ಡಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಹೇಗೆ? (ರಾಯಚೂರು)

ಉತ್ತರ: ಬೇಡ. ಆ ಕಾರ್ಡ್ ಬಳಸುವುದು ನಾಲ್ಕೇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿ). ಹೊಸ ಬೋರ್ಡುಗಳ ಪಿಸಿಐಇ 4.0 ವೇಗದಲ್ಲಿ ಅದು ಸಾಕಾಗುತ್ತದೆ. ಎಚ್81ರ ಸ್ಲಾಟ್ 2.0 ವೇಗದ್ದು, ಅಂದರೆ ನಾಲ್ಕನೇ ಒಂದು ಪಾಲು ದಾರಿ. ಕಾರ್ಡಿನ 4 ಜಿಬಿ ತುಂಬಿದ ಕೂಡಲೇ ಆಟ ಕುಂಟುತ್ತದೆ. ಹದಿನಾರು ಲೇನಿನ 1650 ಇಲ್ಲಿ ವಾಸಿ.

ಪ್ರಶ್ನೆ: ಮಾನಿಟರಿನಲ್ಲಿ ವಿಜಿಎ ಮಾತ್ರ ಇದೆ. ಹೊಸ ಕಾರ್ಡಿನಲ್ಲಿ ಆ ಪೋರ್ಟೇ ಇಲ್ಲ. ಬೋರ್ಡಿನ ವಿಜಿಎಗೆ ಚುಚ್ಚಿದರೆ ಚಿತ್ರ ಬರುತ್ತದೆ, ಗೇಮ್ ಮಾತ್ರ ಮೊದಲಿನಷ್ಟೇ ನಿಧಾನ. (ಚಿತ್ರದುರ್ಗ)

ಉತ್ತರ: ಬೋರ್ಡಿಗೆ ಚುಚ್ಚಿದಾಗ ಗೇಮನ್ನು ಓಡಿಸುತ್ತಿರುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್, ನಿಮ್ಮ ಕಾರ್ಡ್ ಸುಮ್ಮನೆ ಕೂತಿದೆ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ ಇರುವ ಕನ್ವರ್ಟರ್ ತಂದು ಕಾರ್ಡಿಗೆ ಚುಚ್ಚಿ. ಚಿಪ್ ಇಲ್ಲದ ಪುಟ್ಟ ಡಿವಿಐ-ವಿಜಿಎ ಅಡಾಪ್ಟರ್ ಈಗಿನ ಕಾರ್ಡುಗಳಲ್ಲಿ ಕೆಲಸ ಮಾಡುವುದಿಲ್ಲ. ಅವುಗಳಲ್ಲಿ ಡಿವಿಐ ಪೋರ್ಟ್ ಇದ್ದರೂ ಅದರಲ್ಲಿ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲೇ ಇಲ್ಲ.

ಪ್ರಶ್ನೆ: ಎಸ್‌.ಪಿ. ರೋಡಿನಲ್ಲಿ ಹಳೇ ಕಾರ್ಡ್ ಕೊಳ್ಳುವಾಗ ಏನು ನೋಡಬೇಕು? ಆನ್‌ಲೈನಿನಲ್ಲಿ ಜಿಟಿಎಕ್ಸ್ 1050 ಟಿಐ ನಂಬಲಾಗದಷ್ಟು ಅಗ್ಗಕ್ಕೆ ಸಿಗುತ್ತಿದೆ. (ಬೆಂಗಳೂರು)

ಉತ್ತರ: ನಂಬಬೇಡಿ. 2010-11ರ ಕಾಲದ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಚಿಪ್ಪುಗಳ ಬಯಾಸ್ ತಿದ್ದಿ ಹೊಸ ಹೆಸರಿನಲ್ಲಿ ಮಾರುವ ದಂಧೆ ಹಳೆಯದು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದರೆ ಇಂಥ ಕಾರ್ಡಿನ ಹೆಸರಿನ ಮುಂದೆ ನಕಲಿ ಎಂದೇ ತೋರಿಸುತ್ತದೆ. ಬಿಚ್ಚದೆಯೂ ಒಂದು ಸುಳಿವಿದೆ: ‘1050 ಟಿಐ’ ಕಾರ್ಡಿನ ಹಿಂಬದಿಯಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೆ ಅನುಮಾನಿಸಿ. ಆರ್‌ಎಕ್ಸ್ 580 ಆದರೆ ಶೇಡರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಸಂಖ್ಯೆ 2304 ಇರಬೇಕು. 2048 ಎಂದಿದ್ದರೆ ಅದು ಕಡಿಮೆ ದರ್ಜೆಯ ಮಾದರಿ, ಬೆಲೆಯೂ ಕಡಿಮೆಯಾಗಬೇಕು. ಅಂಗಡಿಯಲ್ಲೇ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಲೋಡ್ ಕೊಟ್ಟು ಪರೀಕ್ಷಿಸುವ ತಂತ್ರಾಂಶ) ಹದಿನೈದು ನಿಮಿಷ ಓಡಿಸಲು ಕೇಳಿ. ಪರದೆಯಲ್ಲಿ ಬಣ್ಣದ ಚುಕ್ಕೆ ಮೂಡಿದರೆ ಮೆಮೊರಿ ಹೋಗಿದೆ. ಫ್ಯಾನ್ ಕರಕರ ಎಂದರೆ ಚಿಂತೆಯಿಲ್ಲ, ಫ್ಯಾನ್ ಬದಲಿಸಬಹುದು. ಓಡಿಸಿ ತೋರಿಸಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.