ಆಪ್ತಸಲಹೆ ಪ್ರಕರಣ: ಫಲಿತಾಂಶ ಬಿದ್ದ ಶಾಲೆಯ ಗಣಿತ ಮೇಷ್ಟ್ರು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದದ್ದು.)

ಬಯಲುಸೀಮೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕರು. ವಯಸ್ಸು ನಲವತ್ತೈದರ ಆಸುಪಾಸು. ತಲೆನೋವು, ನಿದ್ದೆಯಿಲ್ಲ, ಮನೆಯಲ್ಲಿ ಸಿಡುಕು ಎಂದು ವೈದ್ಯರ ಹತ್ತಿರ ಹೋಗಿದ್ದರು. ಬಿ.ಪಿ. ಮಾತ್ರೆ ಬರೆದುಕೊಟ್ಟ ಆ ವೈದ್ಯರೇ ನನ್ನ ಬಳಿ ಕಳಿಸಿದ್ದು. ಬಂದು ಕೂತವರು ಮೊದಲು ಕೇಳಿದ್ದು, “ವಿಆರ್‌ಎಸ್ ತಗೊಂಡ್ಬಿಡ್ಲಾ ಮೇಡಂ?”

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಕಲು ತಡೆಯಲೆಂದು, ಕೊಠಡಿಯನ್ನು ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದದ್ದು ಗೊತ್ತೇ ಇದೆ, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಇವರ ಶಾಲೆ ಇನ್ನೂ ಜೋರಾಗಿ ಬಿತ್ತು, ಎಲ್ಲಕ್ಕಿಂತ ಹೆಚ್ಚು ಗಣಿತದಲ್ಲಿ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಮುಖ್ಯ ಶಿಕ್ಷಕಿಯನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರಂತೆ. ಅವರು ಶಾಲೆಗೆ ವಾಪಸ್ ಬಂದು ಸ್ಟಾಫ್ ಮೀಟಿಂಗ್‌ನಲ್ಲಿ ಇವರನ್ನು ನಿಲ್ಲಿಸಿದರು. ಹಿಂದೆಯೇ ಕಾರಣ ಕೇಳಿ ನೋಟಿಸೂ ಬಂತು.

“ಆಮೇಲೆ ನೀವು ಯಾರನ್ನ ನಿಲ್ಸಿದ್ರಿ ಸರ್?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂದಿನ ಬೆಂಚಿನವರನ್ನ” ಎಂದರು.

ಶಿಕ್ಷಕರ ಹುರುಪು ಕುಗ್ಗಿದರೆ ಮಕ್ಕಳ ಅಂಕ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಈ ಉತ್ತರದಲ್ಲೇ ಅರ್ಧ ವಿವರಣೆ ಇದೆ. ಮೇಲಿನಿಂದ ಇಳಿದ ಅವಮಾನ ಕೊನೆಗೆ ಕೂರುವುದು ಭಾಗಾಕಾರ ಬಾರದ ಹುಡುಗನ ತಲೆಯ ಮೇಲೆ. ಮೇಷ್ಟ್ರು ಪಾಠ ಬಿಟ್ಟಿರಲಿಲ್ಲ. ಆದರೆ ಪಾಠವೆಂದರೆ ‘ಪಾಸಿಂಗ್ ಪ್ಯಾಕೇಜ್’ ಅಷ್ಟೇ ಆಗಿತ್ತು: ನಕ್ಷೆಯ ಪ್ರಶ್ನೆ, ಥೇಲ್ಸ್ ಪ್ರಮೇಯ, ಬಾಯಿಪಾಠ. ಬುದ್ಧಿವಂತರೆಂದು ಗುರುತಿಸಿದ ನಾಲ್ಕೈದು ಮಕ್ಕಳಿಗಷ್ಟೇ ಪ್ರಶ್ನೆ. ಉಳಿದವರಿಗೆ ‘ಕಾಪಿ ಮಾಡ್ಕೊಳ್ಳಿ’.

ಖಿನ್ನತೆಯೇ ಎಂದು ಮೊದಲು ನೋಡಿದೆ. ಹಾಗನ್ನಿಸಲಿಲ್ಲ. ಶನಿವಾರ ಸಂಜೆ ಭಜನೆಗೆ ಹೋಗುತ್ತಾರೆ, ಭಾನುವಾರ ತೋಟದಲ್ಲಿ ಖುಷಿಯಾಗಿರುತ್ತಾರೆ. ಭಾನುವಾರ ಹೊತ್ತು ಮುಳುಗಿದ ಮೇಲೆ ಹೊಟ್ಟೆ ಕಿವುಚಲು ಶುರು. ಇದು ವೃತ್ತಿಬಳಲಿಕೆ. ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನೋವಿಜ್ಞಾನಿ ಇದರ ಮೂರು ಲಕ್ಷಣ ಹೇಳುತ್ತಾರೆ: ಬತ್ತಿಹೋದ ಭಾವ, ಎದುರಿಗಿರುವವರ ಬಗ್ಗೆ ಉದಾಸೀನ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ನಂಬಿಕೆ. ಇವರಲ್ಲಿ ಮೂರೂ ಇದ್ದವು. ಮೂರನೆಯದನ್ನು ಹಿಡಿದೇ ಕೆಲಸ ಶುರು ಮಾಡಿದೆ, ಏಕೆಂದರೆ ನಮ್ಮ ಕೈಗೆ ಎಟುಕುವುದು ಅದೊಂದೇ. ಖಾಲಿ ಇರುವ ಗುಮಾಸ್ತರ ಹುದ್ದೆಯನ್ನು ನಾನೇನು ತುಂಬಲಾರೆ. ಆ ಹುದ್ದೆ ಖಾಲಿಯಿದ್ದುದರಿಂದಲೇ ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ವಿದ್ಯಾರ್ಥಿವೇತನದ ಅರ್ಜಿ, ಬಿಸಿಯೂಟದ ಲೆಕ್ಕ ಎಲ್ಲ ಇವರ ಮೇಲೆ ಬಿದ್ದಿತ್ತು. ಡಿ ಗ್ರೂಪ್ ನೌಕರರೂ ಇಲ್ಲ. ಗಂಟೆ ಹೊಡೆಯುವುದೂ ಇವರೇ. ಇಂಥ ಶಾಲೆಗೆ ಒಂದು ದಿನದ ಪ್ರೇರಣಾ ಶಿಬಿರ ಮಾಡಿ ಚಪ್ಪಾಳೆ ಹೊಡೆಸಿದರೆ ಹುರುಪು ಬರುತ್ತದೆ ಎನ್ನುವವರ ಬಗ್ಗೆ ನನಗೆ ಗೌರವ ಕಡಿಮೆ.

“ಕೊನೇ ಸಲ ಪಾಠ ಮಾಡಿ ಖುಷಿಯಾಗಿದ್ದು ಯಾವಾಗ?” ಎಂದು ಕೇಳಿದಾಗ ಬಂದ ಉತ್ತರ ನಾನು ಎಣಿಸಿದ್ದಲ್ಲ: ಕೊರೊನಾ ವರ್ಷ. ಶಾಲೆ ಮುಚ್ಚಿದ್ದಾಗ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುತ್ತಿದ್ದ 2020ರ ವಿದ್ಯಾಗಮದಲ್ಲಿ ಮಾರಮ್ಮನ ಗುಡಿ ಜಗಲಿಯ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಟ್ಟಿದ್ದರು. ಟಾರ್ಗೆಟ್ ಇರಲಿಲ್ಲ, ಮೀಟಿಂಗ್ ಇರಲಿಲ್ಲ. “ಒಬ್ಬ ಹುಡ್ಗ ‘ಹೊಳೀತು ಸಾ’ ಅಂತ ಎದ್ದು ಕುಣಿದ್ಬಿಟ್ಟ” ಎನ್ನುವಾಗ ದನಿಯೇ ಬೇರೆಯಾಗಿತ್ತು.

ಸಲಹೆಯನ್ನೆಲ್ಲ ಆ ಜಗಲಿಯ ಮೇಲೇ ಕಟ್ಟಿದೆ. ಎಂಟನೇ ತರಗತಿಯಲ್ಲಿ ವಾರಕ್ಕೊಂದು ಪಿರಿಯಡ್ ಪಠ್ಯ ಬದಿಗಿಟ್ಟು, ಮಕ್ಕಳು ಎಲ್ಲಿದ್ದಾರೋ ಅಲ್ಲಿಂದ ಶುರು ಮಾಡುವುದು: ಮಗ್ಗಿ, ಭಾಗಾಕಾರ, ಭಿನ್ನರಾಶಿ. ಹತ್ತನೆಯವರಿಗೆ ಪ್ಯಾಕೇಜ್ ಇರಲಿ, ಅದನ್ನು ಕೀಳುವ ಹೊತ್ತು ಇದಲ್ಲ. ಒಂದು ನೋಟ್‌ಬುಕ್‌ನಲ್ಲಿ ಅಂಕ ಬರೆಯದೆ, ಹೋದ ವಾರ ಬಾರದ್ದು ಈ ವಾರ ಯಾರಿಗೆ ಬಂತು ಎಂದಷ್ಟೇ ಬರೆಯಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಬೇಕು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ಎಪ್ಪತ್ತರ ದಶಕದಲ್ಲೇ ತೋರಿಸಿದ್ದರು. ಯಾರನ್ನೂ ಶಿಕ್ಷೆಯಾಗಿ ನಿಲ್ಲಿಸಬಾರದು. ವಿಆರ್‌ಎಸ್ ಮಾತು ಮಾರ್ಚ್ ಕಳೆಯುವವರೆಗೆ ಬೇಡ. ನಿದ್ದೆಗೆಟ್ಟ ತಲೆಯಲ್ಲಿ ಅಂಥ ತೀರ್ಮಾನ ಕೂಡದು. ರಾತ್ರಿ ಹೊತ್ತಲ್ಲಿ ತೀರಾ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ.

ಅವರ ಒಪ್ಪಿಗೆಯ ಮೇಲೆ ಮುಖ್ಯ ಶಿಕ್ಷಕಿಯನ್ನೂ ಕರೆಸಿದೆ. ಆಕೆಯೂ ಸೋತಿದ್ದರು. “ನನ್ನನ್ನ ನಿಲ್ಸಿದ್ದು ಯಾರಿಗೂ ಹೇಳಿರ್ಲಿಲ್ಲ, ಮನೆಯವರಿಗೂ” ಎಂದರು. ಮೇಷ್ಟ್ರು ತಲೆಯೆತ್ತಿ ನೋಡಿದರು. ಅವರಿಬ್ಬರೂ ಅಂದು ಮಾಡಿದ ಒಪ್ಪಂದ ಚಿಕ್ಕದು: ಆನ್‌ಲೈನ್ ಎಂಟ್ರಿ ಸರದಿಯ ಮೇಲೆ ಎಲ್ಲ ಶಿಕ್ಷಕರಿಗೂ, ಬಿಸಿಯೂಟದ ಲೆಕ್ಕ ಬೇರೊಬ್ಬರಿಗೆ, ಗುಮಾಸ್ತರ ಹುದ್ದೆಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಮತ್ತೊಂದು ಪತ್ರ. ಫಲಿತಾಂಶದ ಮಾತೇನಿದ್ದರೂ ಕೋಣೆಯೊಳಗೆ, ಇಬ್ಬರೇ ಇದ್ದಾಗ.

ಮಾರ್ಚ್ ಕಳೆದ ಮೇಲೆ ಬಂದಾಗ ನಿದ್ದೆ ಸುಧಾರಿಸಿತ್ತು. ಹತ್ತನೆಯವರ ಗಣಿತದಲ್ಲಿ ಹೇಳಿಕೊಳ್ಳುವಂಥ ಏರಿಕೆ ಆಗಿರಲಿಲ್ಲ. ಮೂರು ವರ್ಷದ ಹಿಂದುಳಿಕೆ ಒಂದು ವರ್ಷದಲ್ಲಿ ತುಂಬುವುದಿಲ್ಲ ಎಂದು ಮೊದಲೇ ಇಬ್ಬರಿಗೂ ಹೇಳಿದ್ದೆ. ಎಂಟನೆಯವರ ನೋಟ್‌ಬುಕ್ ಮಾತ್ರ ತುಂಬಿತ್ತು, ಹಿಂದಿನ ಬೆಂಚಿನ ಹೆಸರುಗಳೇ ಜಾಸ್ತಿ. ಗುಮಾಸ್ತರ ಹುದ್ದೆ ಇನ್ನೂ ಖಾಲಿ. ವಿಆರ್‌ಎಸ್ ಅರ್ಜಿ ಹಾಕಿಲ್ಲ, ವರ್ಗಾವಣೆಗೆ ಹಾಕಿದ್ದಾರೆ. ಊರಿಗೆ ಹತ್ತಿರವಾಗಲಿ ಎಂದು.