ಸಂಘದ ಕೆಲಸಕ್ಕ ನಿಂತವರ ಮ್ಯಾಲೆ ಕೇಸ್ ಬಂದ್ರ ಹೆಂಗ?

ಪ್ರಶ್ನೆ: ಬೆಳಗಾವಿ ಖಡೇಬಜಾರ್ ಹತ್ರ ನಮ್ದೊಂದು ಬಟ್ಟೆ ಅಂಗಡಿ ಐತ್ರಿ. ವ್ಯಾಪಾರಸ್ಥರ ಸಂಘದಾಗ ಪಗಾರ ಇಲ್ಲದ ಓಡಾಡೋ ಹುಡುಗರು ನಾವು, ದೀಪಾವಳಿಗೆ ಕಮಾನ್ ನಿಲ್ಸೋದು, ಲೈಟ್ ಹಾಕ್ಸೋದು ಎಲ್ಲಾ ನಮ್ಮ ಮ್ಯಾಲೇನ. ಈ ಸಲ ಗಾಳಿಗೆ ಕಮಾನ್ ಬಿದ್ದು ದಾರ್ಯಾಗ ಹೊಂಟಿದ್ದ ಒಬ್ರ ಕೈ ಮುರೀತು. ಈಗ ನನ್ನ ಹೆಸರಿಗೆ ವಕೀಲರ ನೋಟಿಸ್ ಬಂದೈತಿ. ಅಮೆರಿಕಾದಾಗ ಇರೋ ನಮ್ಮ ಮಾವನ ಮಗ "ವಾಲಂಟಿಯರ್ ಮ್ಯಾಲೆ ಕೇಸ್ ಹಾಕಾಕ ಬರಂಗಿಲ್ಲ, ಕಾನೂನೇ ಐತಿ" ಅಂತಾನ. ಖರೇನಾ?
— ಓದುಗ, ಬೆಳಗಾವಿ

ಉತ್ತರ: ಅವ್ರು ಹೇಳಿದ ಕಾನೂನು ಅಲ್ಲಿದು, ಇಲ್ಲಿಗೆ ಬರಂಗಿಲ್ಲ. ಅಮೆರಿಕಾದಾಗ 1997ರ ವಾಲಂಟಿಯರ್ ಪ್ರೊಟೆಕ್ಷನ್ ಆಕ್ಟ್ ಐತಿ, ಆದ್ರ ಅದೂ ಪೂರ್ತಿ ಮಾಫಿ ಅಲ್ಲ. ತೀರಾ ಬೇಜವಾಬ್ದಾರಿ ಮಾಡಿದ್ರ, ಗಾಡಿ ಹೊಡಿಯೋವಾಗ ಯಾರಿಗಾದ್ರೂ ಗುದ್ದಿದ್ರ ಅಲ್ಲೂ ರಕ್ಷಣೆ ಸಿಗಂಗಿಲ್ಲ, ಮತ್ತ ಅದು ಕಾಯೋದು ವಾಲಂಟಿಯರ್‌ನ, ಸಂಸ್ಥೆನ ಅಲ್ಲ. ನಮ್ಮ ದೇಶದಾಗ ಅಂಥ ಕಾನೂನಿಲ್ಲ. ಮೋಟಾರ್ ವಾಹನ ಕಾಯ್ದೆಗೆ 2019ರಾಗ ಸೇರಿಸಿದ 134ಎ ಕಲಂ ಐತಲ್ಲ, ಅದು ರಸ್ತೆ ಅಪಘಾತದಾಗ ಗಾಯಾಳುನ್ನ ಎತ್ತಿಕೊಂಡು ಹೋದವ್ರಿಗೆ, ನಿಮಗಲ್ಲ.

ಹಂಗಾರ ನಿಮ್ಮ ಮ್ಯಾಲೆ ಕೇಸ್ ಹಾಕಬಹುದಾ? ಹಾಕಬಹುದು. ನಿಮ್ಮ ನಿರ್ಲಕ್ಷ್ಯದಿಂದಾನ ಆತು ಅಂತ ಅವ್ರು ಸಾಬೀತು ಮಾಡಬೇಕು, ಅಷ್ಟ. ಸಂಘದ ಪರವಾಗಿ ಕೆಲಸ ಮಾಡಿದ್ದಕ್ಕ ಸಂಘಾನೂ ಹೊಣೆ ಆಗ್ತೈತಿ, ಆದ್ರ ಸಂಘ ಐತಿ ಅಂತ ನಿಮ್ಮ ಹೆಸರು ತಾನಾಗೇ ಬಿಟ್ಟು ಹೋಗಂಗಿಲ್ಲ.

ಈಗ ಮೊದ್ಲು ಕೇಳಬೇಕಾದ್ದು, ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗ ರಜಿಸ್ಟರ್ ಆಗೈತೇನು? ಕಮ್ಮೀತ ಕಮ್ಮಿ 7 ಮಂದಿ ಇದ್ರ ಮಾಡಬಹುದು, ಆದ್ರೂ ಎಷ್ಟೋ ಓಣಿ ಸಂಘ ಒಂದು ಬೋರ್ಡು, ಒಂದು ರಸೀದಿ ಪುಸ್ತಕದ ಮ್ಯಾಲೇ ನಡೀತಾವ. ರಜಿಸ್ಟರ್ ಇಲ್ಲಂದ್ರ ಕಾನೂನಿನ ಕಣ್ಣಾಗ ಸಂಘ ಅನ್ನೋ ಬ್ಯಾರೆ ವ್ಯಕ್ತಿನೇ ಇರಂಗಿಲ್ಲ, ಮುಂದ ನಿಂತವ್ರೇ ಸಿಕ್ಕಾಕೋತಾರ, ನನಗ ಭಾಳ ಬ್ಯಾಸರ ಆಗೋದು ಇದಕ್ಕ, ಯಾಕಂದ್ರ ಮುಂದ ನಿಲ್ಲೋರು ಹೆಚ್ಚಾಗಿ ಸಣ್ಣ ಅಂಗಡಿ ಹುಡುಗರು.

ಆಮ್ಯಾಲೆ ಠರಾವು ಪುಸ್ತಕ ತೆಗಿಸಿ ನೋಡ್ರಿ. ಕಮಾನ್ ನಿಲ್ಸಾಕ ಸಂಘ ತೀರ್ಮಾನ ಮಾಡಿತ್ತು, ನಿಮಗ ಆ ಕೆಲಸ ವಹಿಸಿತ್ತು, ರೊಕ್ಕ ಸಂಘದ ಖಾತೆಯಿಂದ ಹೋಗಿತ್ತು ಅನ್ನೋದು ಅದರಾಗಿದ್ರ ನೀವು ಸ್ವಂತಕ್ಕ ಮಾಡಿದ್ದಲ್ಲ ಅನ್ನೋದಕ್ಕ ಅದಕ್ಕಿಂತ ಗಟ್ಟಿ ಕಾಗದ ಇಲ್ಲ. ಮಹಾನಗರ ಪಾಲಿಕೆ ಪರವಾನಗಿ, ಪೊಲೀಸರ ಪರವಾನಗಿ, ಲೈಟಿಗೆ ಹೆಸ್ಕಾಂ ತಾತ್ಕಾಲಿಕ ಕನೆಕ್ಷನ್ ಪತ್ರ, ಮಂಟಪದವರ ಬಿಲ್, ಬಿದ್ದ ದಿನದ ಫೋಟೋ, ಎಲ್ಲಾ ಒಂದ್ಕಡೆ ಇಡ್ರಿ. ಕಟ್ಟಿದ್ದು ಮಂಟಪದವರಾದ್ರ ಜವಾಬ್ದಾರಿ ಅವ್ರ ಕಡೆನೂ ತಿರಗತೈತಿ. ಇಲ್ಲದ ಠರಾವನ್ನ ಈಗ ಹಿಂದಿನ ತಾರೀಖು ಹಾಕಿ ಬರೆಯಾಕ ಹೋಗಬ್ಯಾಡ್ರಿ, ಅದು ಬ್ಯಾರೆ ಅಪರಾಧ ಆಗ್ತೈತಿ.

ಇನ್ನೊಂದು, ಪೊಲೀಸ್ ದೂರು ಆದ್ರ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ (ಬೇಜವಾಬ್ದಾರಿಯಿಂದ ಇನ್ನೊಬ್ಬರ ಜೀವಕ್ಕ ಅಪಾಯ ತಂದಿದ್ದಕ್ಕ) ಬರಬಹುದು, ಮೂಳಿ ಮುರಿದ್ರ ಗಂಭೀರ ಗಾಯ, 3 ವರ್ಷದ ತನಕ ಶಿಕ್ಷೆ ಇಲ್ಲಾ 10,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಕ್ರಿಮಿನಲ್ ಹೊಣೆನ ಸಂಘ ತನ್ನ ಮ್ಯಾಲೆ ಹಾಕೋಳಾಕ ಬರಂಗಿಲ್ಲ, ವಿಮೆನೂ ಅದನ್ನ ಅಳಸಂಗಿಲ್ಲ.

ಮುಂದಿನ ಹಬ್ಬಕ್ಕ ಸಂಘದವ್ರಿಗೆ ಪಬ್ಲಿಕ್ ಲಯಬಿಲಿಟಿ ವಿಮೆ (ಹೊರಗಿನವ್ರಿಗೆ ಆದ ಗಾಯ, ನಷ್ಟಕ್ಕ ಪರಿಹಾರ ಕೊಡೋ ವಿಮೆ) ಮಾಡ್ಸಾಕ ಹೇಳ್ರಿ, ಪಾಲಿಸಿಯೊಳಗ ವಾಲಂಟಿಯರ್‌ಗಳೂ ಬರಬೇಕು ಅಂತ ಬರೆಸ್ರಿ. ಸಂಘದ ಕೆಲಸದಾಗ ಬಂದ ಕೋರ್ಟ್ ಖರ್ಚು ಸಂಘಾನ ಕೊಡೋದು ಅಂತ ಬೈಲಾಕ್ಕ ಸೇರಿಸ್ರಿ. ಪದಾಧಿಕಾರಿಗಳು ಬ್ಯಾಡ ಅಂದ್ರ ಕಮಾನ್ ಕೆಲಸಾನೂ ಅವ್ರೇ ಮಾಡ್ಲಿ.

ಗಾಯ ಆದವ್ರನ್ನ ಹೋಗಿ ಮಾತಾಡ್ಸ್ರಿ, ಔಷಧದ ಖರ್ಚು ಸಂಘದಿಂದ ಕೊಡಾಕ ಹಚ್ರಿ, ಅವ್ರದು ನ್ಯಾಯವಾದ ಕೇಳಿಕೆನೇ. "ತಪ್ಪು ನಂದೇ" ಅಂತ ಮಾತ್ರ ವಕೀಲರನ್ನ ಕೇಳದ ಎಲ್ಲೂ ಬರೆದು ಕೊಡಬ್ಯಾಡ್ರಿ. ನೋಟಿಸಿನ ಪ್ರತಿ ಇವತ್ತ ಅಧ್ಯಕ್ಷರಿಗೆ ಕೊಟ್ಟು ಸಹಿ ತಗೊಳ್ರಿ, ಗಡುವಿನೊಳಗ ವಕೀಲರ ಕಡೆಯಿಂದ ಉತ್ತರ ಹೋಗಬೇಕು.